ಎರಡು ಕೆಲಸಗಳ ನಡುವಿನ ದಿನಗಳು



ಕೆಲಸ ಕಳೆದುಕೊಂಡವನನ್ನು ಕಂಡಾಗ ನಾವು ಥಟ್ಟನೆ ಹೇಳುವ ಮಾತು: 'ಸಬ್ರ್ ಮಾಡು, ರಿಝ್ಕ್ ಅಲ್ಲಾಹನ ಕೈಯಲ್ಲಿದೆ.' ಮಾತು ಸತ್ಯ. ಆದರೆ ಅಷ್ಟು ಹೇಳಿದರೆ ನಮ್ಮ ಹೊಣೆ ತೀರಿತೇ?

ನಮ್ಮ ಮೈಸೂರನ್ನೇ ನೋಡಿ. ಯಾದವಗಿರಿಯ ಐಡಿಯಲ್ ಜಾವಾ ಮೋಟಾರ್ ಸೈಕಲ್ ಕಾರ್ಖಾನೆ ಮೂರು ದಶಕಗಳಿಗೂ ಹೆಚ್ಚು ಕಾಲ ಅನೇಕ ಮನೆಗಳ ಒಲೆ ಉರಿಸಿತು. 1996ರಲ್ಲಿ ಅದು ಮುಚ್ಚಿತು. ಕೆಲಸಗಾರರ ಕೈಯಲ್ಲಿದ್ದ ಕಸುಬು ಅಂದು ಮಾಯವಾಗಲಿಲ್ಲ. ಅದಕ್ಕೆ ಕೂಲಿ ಕೊಡುತ್ತಿದ್ದ ಬಾಗಿಲು ಮುಚ್ಚಿತು, ಅಷ್ಟೆ. ಗಾರೆ, ಬಣ್ಣ, ಮರಗೆಲಸದವರಿಗಂತೂ ಈ ಬಾಗಿಲು ವರ್ಷದಲ್ಲಿ ಹಲವು ಬಾರಿ ಮುಚ್ಚುತ್ತದೆ. ಒಂದು ಕಟ್ಟಡ ಮುಗಿದು ಮತ್ತೊಂದು ಸಿಗುವ ತನಕ ಕೂಲಿಯಿಲ್ಲ. ಆದರೆ ಮನೆ ಬಾಡಿಗೆ ಕಾಯುವುದಿಲ್ಲ, ಮಕ್ಕಳ ಹಸಿವೂ ಕಾಯುವುದಿಲ್ಲ. ಬಡ್ಡಿಯ ಸಾಲ ಮನೆಯೊಳಗೆ ಕಾಲಿಡುವುದು ಆ ದಿನಗಳಲ್ಲೇ.

ಒಂದೆಡೆ ಕೆಲಸವಿರುತ್ತದೆ, ಇನ್ನೊಂದೆಡೆ ಕೆಲಸಗಾರನಿರುತ್ತಾನೆ. ಒಂದಕ್ಕೊಂದು ಕೂಡಿಬರಲು ಹುಡುಕಾಟ ಬೇಕು, ಸಮಯ ಬೇಕು. ಇದನ್ನು ವಿವರಿಸಿದ ಡೈಮಂಡ್, ಮಾರ್ಟೆನ್ಸನ್, ಪಿಸ್ಸರೈಡ್ಸ್ ಎಂಬ ಅರ್ಥಶಾಸ್ತ್ರಜ್ಞರಿಗೆ 2010ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಆದ್ದರಿಂದ ನಿರುದ್ಯೋಗಿಯನ್ನು ಸೋಮಾರಿ ಎನ್ನುವ ಮುನ್ನ ಯೋಚಿಸಿ.

ಮೂಸಾ(ಅ)ರವರು ಮದ್‌ಯನ್ ತಲುಪಿದಾಗ ಅವರಿಗೆ ಅಲ್ಲಿ ಪರಿಚಯದವರಿರಲಿಲ್ಲ, ದುಡಿಮೆಯೂ ಇರಲಿಲ್ಲ. ಅವರು ಇಬ್ಬರು ಯುವತಿಯರ ಜಾನುವಾರುಗಳಿಗೆ ನೀರು ಕುಡಿಸಿದರು. ಆ ಯುವತಿಯರಲ್ಲೊಬ್ಬಳು ಅವರ ಬಲ ಮತ್ತು ಪ್ರಾಮಾಣಿಕತೆಯನ್ನು ತಂದೆಗೆ ತಿಳಿಸಿ, ಕೆಲಸಕ್ಕಿಟ್ಟುಕೊಳ್ಳುವಂತೆ ಹೇಳಿದಳು. ಎಂಟು ವರ್ಷಗಳ ಕರಾರು ಆಯಿತು. ಸೂರಾ ಅಲ್ ಕಸಸ್ ಇದನ್ನು ತಿಳಿಸುತ್ತದೆ.

ಬೇಡಲು ಬಂದ ಅನ್ಸಾರಿಯೊಬ್ಬರ ಹೊದಿಕೆ ಮತ್ತು ಬಟ್ಟಲನ್ನು ಪ್ರವಾದಿ(ಸ)ರವರು 2 ದಿರ್ಹಮ್‌ಗೆ ಹರಾಜು ಮಾಡಿದರು. ಒಂದು ದಿರ್ಹಮ್ ಮನೆಯವರ ಊಟಕ್ಕೆ, ಇನ್ನೊಂದು ಕೊಡಲಿಗೆ. ಕೊಡಲಿಗೆ ತಮ್ಮ ಕೈಯಾರೆ ಹಿಡಿ ಹಾಕಿ, ಕಟ್ಟಿಗೆ ಮಾರಲು ಕಳುಹಿಸಿದರು. 15 ದಿನಗಳ ಬಳಿಕ ಅವರು 10 ದಿರ್ಹಮ್ ಸಂಪಾದಿಸಿ ಮರಳಿದರು. ಊಟದ ಚಿಂತೆ ಮೊದಲು ನೀಗಿತು, ಆಮೇಲೆ ಉಪದೇಶ ಬಂತು ಎಂಬುದನ್ನು ಗಮನಿಸಿ.

ಉದಯಗಿರಿಯಿರಲಿ, ಮಂಡಿ ಮೊಹಲ್ಲಾ ಇರಲಿ, ಜುಮಾ ಮುಗಿದೊಡನೆ ಚಪ್ಪಲಿ ಹುಡುಕುವ ಮುನ್ನ ಪಕ್ಕದವನನ್ನು ಕೇಳಿ: 'ಕೆಲಸ ನಡೆಯುತ್ತಿದೆಯೇ?' ನಿಮಗೆ ತಿಳಿದ ಕೆಲಸವಿದ್ದರೆ ತಿಳಿಸಿ. ಅರ್ಹನೆಂದು ಕಂಡರೆ ಒಂದು ಮಾತು ಹೇಳಿ. ಝಕಾತ್ ಬಡವರಿಗೂ ಸಾಲದಲ್ಲಿ ಸಿಲುಕಿದವರಿಗೂ ಸಲ್ಲುವ ಹಕ್ಕು. ಅದು ಯಾರದೋ ಹೊಲಿಗೆ ಯಂತ್ರವಾಗಲಿ, ಯಾರದೋ ಗರಗಸವಾಗಲಿ.

ಕೆಲಸವಿಲ್ಲದ ಸಹೋದರನೇ, ಕೇಳಲು ನಾಚಬೇಡ. ಮೂಸಾ(ಅ) ಕೂಡ ನೆರಳಿನಲ್ಲಿ ಕುಳಿತು ತನ್ನ ಪ್ರಭುವಿನ ಮುಂದೆ ತನ್ನ ಅಗತ್ಯವನ್ನು ತೋಡಿಕೊಂಡವರೇ.

ಅಲ್ಲಾಹನು ನಮ್ಮೆಲ್ಲರಿಗೂ ಹಲಾಲ್ ದುಡಿಮೆಯನ್ನೂ, ಪರರ ಕಷ್ಟ ಕಾಣುವ ಕಣ್ಣನ್ನೂ ಅನುಗ್ರಹಿಸಲಿ. ಆಮೀನ್.