ನುಡಿಗೆ ಸಲ್ಲುವ ಪೂಜೆ



ದೇವನನ್ನು ಪೂಜಿಸುವವರು ದೇವನ ನುಡಿಯನ್ನೂ ಪೂಜಿಸುವರು. ಇದು ಯಾವುದೋ ಒಂದು ಮತದ ವಾಡಿಕೆಯಲ್ಲ, ಭಕ್ತಿಯ ಸಹಜಧರ್ಮ. ಆದರೆ ನುಡಿಗೆ ಸಲ್ಲತಕ್ಕ ಪೂಜೆ ಯಾವುದು? ಗಂಧಪುಷ್ಪಗಳಿಂದಲೇ ಅದು ಪೂರೈಸುವದೇ? ಇದನ್ನು ಸದ್ಭಕ್ತರು ವಿಚಾರಿಸಬೇಕು.

ಧಾರವಾಡ ಜಿಲ್ಲೆಯ ನವಲಗುಂದದಲ್ಲಿ 19ನೆಯ ಶತಮಾನದ ಅವಧೂತರಾದ ಅಜಾತ ನಾಗಲಿಂಗಸ್ವಾಮಿಗಳ ಮಠವಿರುವದು. ಅಲ್ಲಿ ಒಂದು ಬೈಬಲ್ ಗ್ರಂಥವನ್ನು ಪೂಜ್ಯವಸ್ತುವೆಂದು ಕಾಪಾಡಿಕೊಂಡು ಬಂದಿರುವರು. ಸ್ವಾಮಿಗಳು ಅದರಲ್ಲಿ ರಂಧ್ರವನ್ನು ಮಾಡಿ, ಮುಂದೆ ಅದು ತಾನಾಗಿಯೇ ಮುಚ್ಚುವದೆಂದು ನುಡಿದರೆಂಬುದು ಭಕ್ತಜನರ ನಂಬುಗೆ. ಪವಾಡದ ಮಾತು ಹಾಗಿರಲಿ. ಪರಮತದ ಗ್ರಂಥವನ್ನು ಹಗೆತನದಿಂದ ಹೊರಗೆ ಚೆಲ್ಲದೆ ಮಠದೊಳಗೆ ಮನ್ನಣೆಯಿಂದಿರಿಸಿದ ಆ ಸಂಸ್ಕಾರವು ದೊಡ್ಡದು.

ಬೈಬಲಿನ ಪೂರ್ವಭಾಗವು ಬಹುಮಟ್ಟಿಗೆ ಹೀಬ್ರೂ ಭಾಷೆಯದು, ಯೆಹೂದ್ಯರ ಧರ್ಮಗ್ರಂಥವದು. ಅವರು ಆ ನುಡಿಗೆ ಸಲ್ಲಿಸುವ ಗೌರವವು ನೆನೆಯತಕ್ಕದ್ದು. ತೊಗಲಿನ ಸುರುಳಿಯ ಮೇಲೆ ಕೈಯಿಂದಲೇ ಬರೆದ ಗ್ರಂಥವನ್ನು ಓದುವಾಗ ಬರಿಗೈಯಿಂದ ಮುಟ್ಟದೆ, ಕಡ್ಡಿಯಿಂದ ಸಾಲನ್ನು ತೋರಿಸುತ್ತ ಓದುವರು. ಜೀರ್ಣವಾದ ಸುರುಳಿಯನ್ನು ಎಸೆಯದೆ ಮಣ್ಣಿನಲ್ಲಿ ಹೂಳುವರು. ದೇವನೊಬ್ಬನೇ ಎಂಬ ವಾಕ್ಯವನ್ನು ನಿತ್ಯವೂ ಬೆಳಗು ಬೈಗು ಪಠಿಸುವರು. ಅಷ್ಟೇ ಅಲ್ಲ, ಶಾಸ್ತ್ರದ ಕೆಲವು ಭಾಗಗಳನ್ನು ಬರೆದು ತೊಗಲಿನ ಚಿಕ್ಕ ಕರಡಿಗೆಗಳಲ್ಲಿಟ್ಟು, ಬೆಳಗಿನ ಪ್ರಾರ್ಥನೆಯಲ್ಲಿ ಒಂದನ್ನು ಹೃದಯಕ್ಕೆ ಸಮೀಪವಾಗಿ ತೋಳಿಗೂ, ಇನ್ನೊಂದನ್ನು ಹಣೆಯ ಮೇಲೂ ಕಟ್ಟಿಕೊಳ್ಳುವರು. ಕೊರಳಲ್ಲಿ ಇಷ್ಟಲಿಂಗದ ಕರಡಿಗೆಯನ್ನು ಧರಿಸಿದವರಿಗೆ ಇದರ ಭಾವವು ತಟ್ಟನೆ ತಿಳಿಯದೆ ಇರದು. ಅವರ ಕರಡಿಗೆಯಲ್ಲಿರುವದು ದೇವನ ನುಡಿ. ಲಿಂಗವಂತನ ಕರಡಿಗೆಯಲ್ಲಿರುವದು ಸಾಕ್ಷಾತ್ ಲಿಂಗದೇವ. ಭೇದವುಂಟು, ಆದರೆ ದೇವನು ದೂರದವನಲ್ಲ, ಅಂಗದ ಮೇಲೆಯೇ ನೆಲೆಗೊಳ್ಳತಕ್ಕವನೆಂಬ ಹಂಬಲವು ಎರಡರಲ್ಲಿಯೂ ಉಂಟು.

ಇಷ್ಟೆಲ್ಲ ಮನ್ನಣೆಯಿದ್ದರೂ ಅದೇ ಗ್ರಂಥದಲ್ಲಿ ಯೆಶಾಯನೆಂಬ ಪ್ರವಾದಿಯು, ತುಟಿಯಿಂದ ದೇವರನ್ನು ಸ್ತುತಿಸಿ ಹೃದಯವನ್ನು ದೂರವಿಟ್ಟ ಜನರನ್ನು ಕಟುವಾಗಿ ಖಂಡಿಸಿರುವನು. ಬಡ ಕೂಲಿಯವನ ಕೂಲಿಯನ್ನು ಹೊತ್ತು ಮುಳುಗುವದರೊಳಗೆ ಕೊಡಬೇಕೆಂದು ಅವರ ಧರ್ಮಶಾಸ್ತ್ರವು ವಿಧಿಸಿರುವದು. ನುಡಿಯ ನಿಜಪೂಜೆಯು ಎಲ್ಲಿ ನಡೆಯುವದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕೆ?

ಇನ್ನು ನಮ್ಮ ಮನೆಗಳ ಕಡೆಗೆ ನೋಡೋಣ. 12ನೆಯ ಶತಮಾನದ ಶರಣರ ವಚನಗಳನ್ನು ಬರೆದ ತಾಡವೋಲೆಯ ಕಟ್ಟುಗಳು ಎಷ್ಟೋ ಮನೆಗಳ ದೇವರ ಜಗಲಿಯ ಮೇಲೆ ತಲೆತಲಾಂತರದಿಂದ ಪೂಜೆಗೊಳ್ಳುತ್ತಿದ್ದವು. ಅವನ್ನು ಬಿಚ್ಚಿ ಓದುವವರು ವಿರಳರಾಗಿದ್ದರು. 1880ರಲ್ಲಿ ಧಾರವಾಡದಲ್ಲಿ ಜನಿಸಿ, ವಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಅಂಥ ಕಟ್ಟುಗಳನ್ನು ಮನೆಮನೆಯಿಂದ ಸಂಗ್ರಹಿಸಿ, ಶೋಧಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು. ಮುಂದೆ ಮುದ್ರಣಾಲಯವನ್ನೂ ‘ಶಿವಾನುಭವ’ ಪತ್ರಿಕೆಯನ್ನೂ ನಡೆಸಿ, 1964ರಲ್ಲಿ ಲಿಂಗೈಕ್ಯರಾಗುವವರೆಗೆ ಅದಕ್ಕಾಗಿಯೇ ಬಾಳನ್ನು ಸವೆಸಿದರು. ಪೂಜೆಯೊಳಗೆ ಮೌನವಾಗಿದ್ದ ನುಡಿಗೆ ಅವರಿಂದ ಮತ್ತೆ ಬಾಯಿ ಬಂದಿತು. ಜಗಲಿಯ ಮೇಲೆ ಕಾಪಾಡಿದವರ ಪುಣ್ಯವೂ ಸಣ್ಣದಲ್ಲ. ಅವರು ಉಳಿಸದಿದ್ದರೆ ಇವರು ಬಿಚ್ಚುವದೇನಿತ್ತು?

ಈಗ ಅಚ್ಚಾದ ಪುಸ್ತಕವು ಮನೆಮನೆಯಲ್ಲಿರುವದು. ಆದರೆ ಬಸವ ಜಯಂತಿಯ ದಿನ ಹೂವೇರಿಸಿ, ಮರುದಿನ ಅದನ್ನು ಮಾಡದಲ್ಲಿಟ್ಟು ಮರೆತರೆ, ಅದೂ ಬಿಚ್ಚದ ತಾಡವೋಲೆಯ ಕಟ್ಟೇ ಅಲ್ಲವೇ?

ಆದುದರಿಂದ ಗೃಹಸ್ಥನಾದ ಭಕ್ತನು ಬೆಳಗಿನ ಲಿಂಗಪೂಜೆಯಾದ ಮೇಲೆ ಒಂದೇ ಒಂದು ವಚನವನ್ನು, ಮಡದಿಮಕ್ಕಳು ಕೇಳುವಂತೆ, ಅರ್ಥವರಿತು ಓದಲಿ. ಅಂದು ಹೊಲದಲ್ಲಿ ಹತ್ತಿ ಬಿಡಿಸಿದ ಹೆಣ್ಣುಮಗಳ ಕೂಲಿಯನ್ನು ನಾಳೆಗೆ ದೂಡದಿರಲಿ. ಪೇಟೆಯಲ್ಲಿ ಕಡಲೆಯನ್ನು ತೂಗುವಾಗ ತಕ್ಕಡಿಯನ್ನು ವಾಲಿಸದಿರಲಿ. ಮನೆಗೆ ಬಂದವನ ಕುಲವನ್ನು ಕೇಳದಿರಲಿ. ರಾತ್ರಿ ಮಲಗುವ ಮುನ್ನ, ಬೆಳಗಿನ ವಚನವು ತನ್ನ ನಡೆಯಲ್ಲಿ ಎಷ್ಟು ಇಳಿಯಿತೆಂದು ತನ್ನನ್ನೇ ಕೇಳಿಕೊಳ್ಳಲಿ.

ಹೂವು ಸಂಜೆಗೆ ಬಾಡುವದು, ಧೂಪವು ಕ್ಷಣದಲ್ಲಿ ಕರಗುವದು. ನಡೆಯೊಂದೇ ನುಡಿಗೆ ಬಾಡದ ಪತ್ರೆ. ಅದನ್ನೇರಿಸುವ ಬುದ್ಧಿಯನ್ನು ಗುರುಬಸವಣ್ಣನವರು ಸಕಲ ಸದ್ಭಕ್ತರಿಗೂ ಕರುಣಿಸಲಿ.