ಆಣೆಯ ಮುಂದಿನ ಹೆಜ್ಜೆ



ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯ ಭಕ್ತರೊಬ್ಬರ ಮನೆಯಲ್ಲಿ ಶಿವಾನುಭವ ಗೋಷ್ಠಿಯು ಮುಗಿದು, ಎಲ್ಲರೂ ಪ್ರಸಾದ ಸ್ವೀಕರಿಸಿ ಹೊರಟ ಮೇಲೆ ತಾಯಿಯೊಬ್ಬಳು ಹಿಂದೆ ಉಳಿದಳು. ಆಕೆಯ ಮಗನು ಹತ್ತು ವರ್ಷಗಳಿಂದ ದಿನವೂ ಕುಡಿಯುವವನು. ಈಗೀಗ ಬೆಳಗಿನಲ್ಲಿಯೇ ಕುಡಿಯದಿದ್ದರೆ ಕೈ ನಡುಗುವುದಂತೆ. "ಇಂದು ರಾತ್ರಿ ಇಷ್ಟಲಿಂಗವನ್ನು ಮುಟ್ಟಿಸಿ ಆಣೆ ಮಾಡಿಸುತ್ತೇವೆ. ನಾಳೆಯಿಂದ ಕೋಣೆಯಲ್ಲಿ ಕೂಡಿ ಅಗುಳಿ ಹಾಕುತ್ತೇವೆ. ಆಸ್ಪತ್ರೆಗೆ ಸೇರಿಸಿದರೆ ನಾಲ್ಕು ಜನರಿಗೆ ತಿಳಿಯುತ್ತದೆ, ಮನೆಯಲ್ಲಿ ಮದುವೆಯ ಮಗಳಿದ್ದಾಳೆ. ತಾವು ಅಪ್ಪಣೆ ಕೊಡಬೇಕು" ಎಂದಳು.

ನಾವು ಅಪ್ಪಣೆ ಕೊಡಲಿಲ್ಲ. ಏಕೆ ಕೊಡಲಿಲ್ಲವೆಂಬುದನ್ನು ಎಲ್ಲ ಗೃಹಸ್ಥರೂ ತಿಳಿಯಬೇಕಾಗಿದೆ.

ಆಣೆಯು ದೊಡ್ಡದು. ಅದನ್ನು ಹಗುರವಾಗಿ ಕಾಣುವವರು ನಾವಲ್ಲ. ಇಳಕಲ್ಲಿನ ಚಿತ್ತರಗಿ ಸಂಸ್ಥಾನ ಮಠದ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆಯನ್ನು ಹಿಡಿದು ಊರೂರು ನಡೆದರು. ಕಾಳನ್ನಾಗಲಿ ಕಾಸನ್ನಾಗಲಿ ಅವರು ಬೇಡಲಿಲ್ಲ. ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಅದೇ 'ಮಹಾಂತ ಜೋಳಿಗೆ'ಯೆಂದು ಹೆಸರಾಯಿತು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ನಮ್ಮ ರಾಜ್ಯದಲ್ಲಿ ವ್ಯಸನಮುಕ್ತ ದಿನವನ್ನಾಗಿ ಆಚರಿಸುತ್ತಾರೆ. ಬಿಡುತ್ತೇನೆಂಬ ಮನಸ್ಸನ್ನು ಹುಟ್ಟಿಸುವುದು ಗುರುವಿನ ಕಾರ್ಯ. ಆ ಮನಸ್ಸು ಹುಟ್ಟದೆ ಯಾವ ಔಷಧವೂ ನಿಲ್ಲದು.

ಆದರೆ ಆಣೆಯು ಮನಸ್ಸಿನದು, ನಡುಕವು ನರಗಳದು. ವರ್ಷಗಟ್ಟಲೆ ಕುಡಿದವನ ಮೆದುಳು, ಮದ್ಯವು ತನ್ನನ್ನು ಹಿಂದಕ್ಕೆಳೆಯುತ್ತಿರುವಾಗ ಅದಕ್ಕೆದುರಾಗಿ ಮುಂದಕ್ಕೆ ಜಗ್ಗುವುದನ್ನು ಕಲಿತಿರುತ್ತದೆ. ಭಾರವನ್ನು ಜಗ್ಗುತ್ತಿದ್ದ ಎತ್ತಿನ ಹಗ್ಗವು ಫಕ್ಕನೆ ಕಡಿದರೆ ಅದು ಮುಂದಕ್ಕೆ ಮುಗ್ಗರಿಸುವುದಲ್ಲವೇ? ಇದೂ ಹಾಗೆಯೇ. ಕೊನೆಯ ಕುಡಿತದಿಂದ 6 ರಿಂದ 24 ಗಂಟೆಗಳೊಳಗೆ ಕೈನಡುಕ, ಬೆವರು, ಓಕರಿಕೆ, ನಿದ್ರಾಹೀನತೆಗಳು ತೋರುತ್ತವೆ. ಮೊದಲ ಎರಡು ದಿನಗಳಲ್ಲಿ ಕೆಲವರಿಗೆ ಅಪಸ್ಮಾರದಂತಹ ಸೆಳೆತ ಬರುವುದುಂಟು. ಎರಡರಿಂದ ನಾಲ್ಕನೆಯ ದಿನದ ನಡುವೆ ಕೆಲವರಿಗೆ ಜ್ವರವೇರಿ, ಬುದ್ಧಿ ಕದಡಿ, ಇಲ್ಲದ ಹುಳುಹುಪ್ಪಟೆಗಳು ಗೋಡೆಯ ಮೇಲೆ ಕಾಣಿಸುತ್ತವೆ. ಇದನ್ನು ಗಾಳಿಯ ಸೋಂಕೆಂದು ಬಗೆದು ಮಂತ್ರಿಸುವವರ ಬಳಿಗೆ ಒಯ್ಯುವ ಮನೆಗಳಿವೆ. ಚಿಕಿತ್ಸೆಯಿಲ್ಲದಿದ್ದರೆ ಈ ಸ್ಥಿತಿಯಿಂದ ಪ್ರಾಣವೇ ಹೋಗಬಹುದು. ಆಣೆಯನ್ನು ನಂಬಿ ಅಗುಳಿ ಹಾಕಿದ ಕೋಣೆಯಲ್ಲಿ ಮಗನು ಸತ್ತರೆ, ಆ ಆಣೆಯು ಯಾರನ್ನು ಕಾಯಿತು?

ಆಸ್ಪತ್ರೆಯಲ್ಲಿರಿಸಿ ಮಾಡುವುದೇನೆಂದರೆ, ಹಗ್ಗವನ್ನು ಕಡಿಯದೆ ಮೆಲ್ಲಮೆಲ್ಲನೆ ಸಡಿಲಿಸುವುದು. ನರಗಳನ್ನು ಶಮನಗೊಳಿಸುವ ಔಷಧವನ್ನು ಮೊದಲು ತಕ್ಕಷ್ಟು ಕೊಟ್ಟು, ಸಾಮಾನ್ಯವಾಗಿ ಒಂದು ವಾರ ಹತ್ತು ದಿನಗಳಲ್ಲಿ ದಿನದಿನಕ್ಕೂ ಇಳಿಸುತ್ತಾರೆ. ಕುಡಿತದಿಂದ ಬರಿದಾದ ಬಿ-1 ಜೀವಸತ್ವವನ್ನು ಸೂಜಿಯ ಮೂಲಕ ತುಂಬುತ್ತಾರೆ. ನಾಡಿಯನ್ನೂ ರಕ್ತದೊತ್ತಡವನ್ನೂ ಹಗಲಿರುಳು ನೋಡುತ್ತಾರೆ. ಅಫೀಮಿನ ವರ್ಗದ ಮಾದಕಗಳಿಗೆ ಸಿಕ್ಕಿದ ತರುಣರಲ್ಲಿ ಅಪಾಯವು ಬೇರೊಂದು ಬಗೆಯದು: ಕೆಲವು ದಿನ ಬಿಟ್ಟ ಶರೀರವು ಹಳೆಯ ಪ್ರಮಾಣವನ್ನು ತಾಳಲಾರದು; ಮತ್ತೆ ಅಷ್ಟನ್ನೇ ತೆಗೆದುಕೊಂಡರೆ ಉಸಿರು ನಿಲ್ಲಬಹುದು. ಆದುದರಿಂದ ಅವರನ್ನೂ ವೈದ್ಯರ ಕೈಯಲ್ಲಿಯೇ ಇಡತಕ್ಕದ್ದು.

ವೈದ್ಯನ ಬಳಿಗೆ ಹೋಗುವುದು ಗುರುವಿನಲ್ಲಿ ಅವಿಶ್ವಾಸವೆಂದು ಕೆಲವರು ಭಾವಿಸುತ್ತಾರೆ. ಅದು ತಪ್ಪು. ಕಲ್ಯಾಣದ ಶರಣಗಣದಲ್ಲಿ ವೈದ್ಯ ಸಂಗಣ್ಣನಿದ್ದನು; ರೋಗಿಯ ಸೇವೆಯೇ ಆತನಿಗೆ ಕಾಯಕವಾಗಿತ್ತು. ನಮ್ಮ ದಾವಣಗೆರೆಯಲ್ಲಿಯೇ 1965ರಲ್ಲಿ ಆರಂಭವಾದ ವೈದ್ಯಕೀಯ ಮಹಾವಿದ್ಯಾಲಯವು ಜಗದ್ಗುರು ಜಯದೇವ ಮುರುಘರಾಜೇಂದ್ರರ ಹೆಸರನ್ನು ಹೊತ್ತಿದೆ. ಗುರುವಿನ ಹೆಸರಿನ ಬಾಗಿಲಲ್ಲಿ ವೈದ್ಯನು ನಿಂತಿರುವಾಗ ಸಂಕೋಚವೇಕೆ? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗಾಗಿಯೇ ಪ್ರತ್ಯೇಕ ಕೇಂದ್ರವಿದೆ. ಎಲ್ಲಿಗೆ ಹೋಗಬೇಕೆಂದು ತೋಚದವರು 14446 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಹಣವಿಲ್ಲದೆ ದೂರವಾಣಿ ಮಾಡಬಹುದು.

ಇನ್ನು ಮಾನದ ಮಾತು. ಹೆಂಡದ ಮಾರಯ್ಯನೆಂಬ ಶರಣನನ್ನು ನೀವು ಬಲ್ಲಿರಿ. ಆತನ ಹೆಸರಿನಲ್ಲಿಯೇ ಹೆಂಡವಿದೆ. ಆ ಹೆಸರನ್ನು ಶರಣರು ಮರೆಮಾಡಲಿಲ್ಲ, ಆತನನ್ನು ಹೊರಗೆ ನಿಲ್ಲಿಸಲಿಲ್ಲ. ಧರ್ಮೇಶ್ವರಲಿಂಗವೆಂಬ ಅಂಕಿತದ ಆತನ ವಚನಗಳು ಇಂದಿಗೂ ನಮ್ಮ ಪೂಜ್ಯ ಸಾಹಿತ್ಯದಲ್ಲಿವೆ. ಅಂತಹ ಪರಂಪರೆಯವರು ನಾವು. ನಮ್ಮ ಮನೆಯ ಮಗನ ರೋಗವನ್ನು ಹೇಳಿಕೊಳ್ಳಲು ನಾಚುವುದಾದರೆ, ನಾವು ಕಾಯುತ್ತಿರುವುದು ಮಾನವನ್ನೋ ಅಹಂಕಾರವನ್ನೋ?

ಆ ತಾಯಿಯು ಬಹಳ ಹೊತ್ತು ಅತ್ತಳು. ಮರುದಿನ ಬೆಳಿಗ್ಗೆ ಮಗನನ್ನು ತಾನೇ ಆಸ್ಪತ್ರೆಗೆ ಕರೆದೊಯ್ದಳು. ಎರಡನೆಯ ರಾತ್ರಿ ಅವನಿಗೆ ಸೆಳೆತ ಬಂದಿತು. ದಾದಿಯು ಪಕ್ಕದಲ್ಲಿಯೇ ಇದ್ದಳು, ಔಷಧವೂ ಕೈಯಲ್ಲಿಯೇ ಇತ್ತು. ಹನ್ನೊಂದನೆಯ ದಿನ ಅವನು ಮಠಕ್ಕೆ ಬಂದು, ಯಾರೂ ಹೇಳದೆಯೇ ದಾಸೋಹದ ಎಲೆಗಳನ್ನು ಎತ್ತತೊಡಗಿದನು. ಆಣೆಯನ್ನು ಅಂದು ಮಾಡಿದನು, ನಡುಗದ ಕೈಯಿಂದ.

ಇಷ್ಟಕ್ಕೇ ಎಲ್ಲವೂ ಮುಗಿಯಿತೆಂದು ತಿಳಿಯಬೇಡಿರಿ. ಆಸ್ಪತ್ರೆಯ ದಿನಗಳು ಶರೀರದ ವಿಷವನ್ನು ಇಳಿಸುತ್ತವೆ, ಆಸೆಯನ್ನು ಬೇರುಸಹಿತ ಕೀಳುವುದಿಲ್ಲ. ತಿಂಗಳುಗಟ್ಟಲೆ ವೈದ್ಯರ ಆಪ್ತಸಲಹೆಯೂ, ಕಾಯಕವೂ, ಸತ್ಸಂಗವೂ ಬೇಕು. ಅವನು ಮತ್ತೊಮ್ಮೆ ಬೀಳಲೂಬಹುದು. ಬಿದ್ದರೆ "ಆಣೆ ಮುರಿದ ದ್ರೋಹಿ" ಎಂದು ಬಾಗಿಲು ಹಾಕದೆ, ಮತ್ತೊಮ್ಮೆ ಕೈಹಿಡಿದು ವೈದ್ಯರಲ್ಲಿಗೆ ಕರೆದೊಯ್ಯಿರಿ. ನಡೆಯಲು ಕಲಿಯುವ ಕೂಸು ಬಿದ್ದಾಗ ನೀವು ಲೆಕ್ಕವಿಟ್ಟಿರಾ?

ನಿಮ್ಮ ಮನೆಯಲ್ಲಿಯೂ ಇಂತಹ ಅಗುಳಿ ಹಾಕಿದ ಕೋಣೆಯಿದ್ದರೆ, ಇಂದೇ ತೆರೆಯಿರಿ.