ಇಂದಿನ ಧಮ್ಮ ಚಿಂತನೆ: ಚೀವರದೊಳಗಿನ ಗದ್ದೆ



ಧಮ್ಮಬಂಧುಗಳೇ, ಭಂತೇಜಿಯವರು ಹೊದೆಯುವ ಚೀವರವನ್ನು ಎಂದಾದರೂ ಹತ್ತಿರದಿಂದ ಗಮನಿಸಿದ್ದೀರಾ? ಅದು ಒಂದೇ ಅಖಂಡ ಬಟ್ಟೆಯಲ್ಲ. ಉದ್ದುದ್ದ ಪಟ್ಟಿಗಳು, ನಡುನಡುವೆ ಗಿಡ್ಡ ತುಂಡುಗಳು, ಸುತ್ತಲೂ ಅಂಚು. ಎಲ್ಲವೂ ಕತ್ತರಿಸಿ ಕೂಡಿಸಿದ್ದು. ಈ ವಿನ್ಯಾಸ ಎಲ್ಲಿಂದ ಬಂತು ಎಂಬುದು ವಿನಯ ಪಿಟಕದ ಮಹಾವಗ್ಗದಲ್ಲಿದೆ. ಭಗವಾನ್ ಬುದ್ಧರು ರಾಜಗೃಹದಿಂದ ದಕ್ಖಿಣಾಗಿರಿಯ ಕಡೆಗೆ ಹೋಗುವಾಗ ಮಗಧದ ಗದ್ದೆಗಳನ್ನು ನೋಡುತ್ತಾರೆ. ಸಾಲುಸಾಲು ಮಡಿಗಳು, ನಡುವೆ ಬದುಗಳು. ಭಿಕ್ಖುಗಳಿಗೆ ಇಂಥದೇ ಚೀವರ ಮಾಡಲು ಆದೀತೇ ಎಂದು ಆನಂದರನ್ನು ಕೇಳುತ್ತಾರೆ. ಆನಂದರು ಹೊಲಿದು ತಂದು ತೋರಿಸುತ್ತಾರೆ. ತಾವು ಚಿಕ್ಕದಾಗಿ ಹೇಳಿದ್ದನ್ನು ಆನಂದ ವಿಸ್ತಾರವಾಗಿ ಗ್ರಹಿಸಿದ ಎಂದು ಭಗವಾನರು ಮೆಚ್ಚುತ್ತಾರೆ. ಕತ್ತರಿಸಿ ಹೊಲಿದ ಬಟ್ಟೆ ಶ್ರಮಣರಿಗೆ ತಕ್ಕದ್ದು, ಅದರ ಮೇಲೆ ಕಳ್ಳರಿಗೂ ಆಸೆ ಹುಟ್ಟುವುದಿಲ್ಲ ಎಂಬುದು ಅದರ ಹಿಂದಿನ ವಿಚಾರ.

ದಾರಿಯಲ್ಲಿ ಕಂಡ ಗದ್ದೆ ಮೈಮೇಲಿನ ಬಟ್ಟೆಯಾಯಿತು. ಆ ಚೀವರವನ್ನು ಕ್ಷೌರಿಕ ಉಪಾಲಿಯೂ ಉಟ್ಟರು, ಶಾಕ್ಯ ರಾಜಕುಮಾರರೂ ಉಟ್ಟರು, ಬಾಡಿದ ಹೂವು ಗುಡಿಸುತ್ತಿದ್ದ ಸುನೀತರೂ ಉಟ್ಟರು. ಬಟ್ಟೆ ನೋಡಿ ಕುಲ ಹೇಳುವ ಹಾಗಿರಲಿಲ್ಲ.

ಇಲ್ಲಿ ನನಗೊಂದು ಮಾತು ಚುಚ್ಚುತ್ತದೆ, ಹೇಳಿಬಿಡುತ್ತೇನೆ. ಮೊದಮೊದಲು ಭಿಕ್ಖುಗಳು ತಿಪ್ಪೆಯಲ್ಲಿ, ಸ್ಮಶಾನದಲ್ಲಿ ಬಿದ್ದ ಚಿಂದಿಯನ್ನು ಆಯ್ದು, ತೊಳೆದು, ಬಣ್ಣ ಹಾಕಿ ಉಡುತ್ತಿದ್ದರು. ಅದಕ್ಕೆ ಪಂಸುಕೂಲ ಎನ್ನುತ್ತಾರೆ. ಚಂಡಾಲರು ಹೆಣದ ಮೇಲಿನ ಬಟ್ಟೆಯನ್ನೇ ಉಡಬೇಕು ಎಂದು ಮನುಸ್ಮೃತಿಯ 10ನೆಯ ಅಧ್ಯಾಯ ಕಟ್ಟಳೆ ಮಾಡುತ್ತದೆ. ಎರಡೂ ಸ್ಮಶಾನದ ಬಟ್ಟೆಯೇ. ಆದರೆ ಒಂದನ್ನು ಮನುಷ್ಯ ತಾನಾಗಿ ಎತ್ತಿಕೊಂಡ, ಇನ್ನೊಂದನ್ನು ಅವನ ಮೇಲೆ ಹೇರಲಾಯಿತು. ಆದ್ದರಿಂದ ಯಾರಾದರೂ ಬಡತನದ ಹರಕು ಬಟ್ಟೆಯಲ್ಲಿ ಸೌಂದರ್ಯ ಕಂಡು ಹೊಗಳಿದರೆ ನಾನು ಒಪ್ಪುವುದಿಲ್ಲ. ನಮ್ಮ ಅಜ್ಜಿಯಂದಿರು ಹಳೆ ಸೀರೆ ಕೂಡಿಸಿ ಕೌದಿ ಹೊಲಿದದ್ದು ಚಳಿಗೆ. ಅದರಲ್ಲಿ ಕೆಂಪು ತುಂಡಿನ ಪಕ್ಕಕ್ಕೆ ಹಸಿರು ತುಂಡನ್ನೇ ಹುಡುಕಿ ಇಟ್ಟದ್ದು ಮಾತ್ರ ಅವರ ಸ್ವಂತ ಆಯ್ಕೆ. ಆ ಆಯ್ಕೆಗೆ ನಾನು ಕೈಮುಗಿಯುತ್ತೇನೆ.

ಬಟ್ಟೆಯ ರಾಜಕಾರಣ ಬಾಬಾಸಾಹೇಬರಿಗೆ ಚೆನ್ನಾಗಿ ಗೊತ್ತಿತ್ತು. 1927ರ ಡಿಸೆಂಬರ್‌ನಲ್ಲಿ, ಮನುಸ್ಮೃತಿಯನ್ನು ಸುಟ್ಟ ಅದೇ ಮಹಾಡ್ ಸಮ್ಮೇಳನದಲ್ಲಿ, ಅವರು ಹೆಣ್ಣುಮಕ್ಕಳನ್ನು ಉದ್ದೇಶಿಸಿ ಮಾತನಾಡಿದರು. ನೀವು ಸೀರೆ ಉಡುವ ರೀತಿ, ಮೊಣಕೈವರೆಗಿನ ಬಳೆ, ಕೊರಳಿನ ಸರಗಳು ನಿಮ್ಮನ್ನು ಅಸ್ಪೃಶ್ಯರೆಂದು ಗುರುತು ಹಚ್ಚುತ್ತಿವೆ, ಆ ಗುರುತನ್ನು ಅಳಿಸಿ ಎಂಬುದು ಅವರ ಮಾತಿನ ಸಾರ. ಹೆಣ್ಣುಮಕ್ಕಳು ತಡಮಾಡದೆ ಸೀರೆ ಉಡುವ ರೀತಿಯನ್ನೇ ಬದಲಿಸಿದರು. ಸೀರೆಯ ನೆರಿಗೆಯಲ್ಲೂ ಒಬ್ಬರ ಅಧಿಕಾರ, ಇನ್ನೊಬ್ಬರ ಅವಮಾನ ಅಡಗಿರಬಹುದೆಂದು ಕಾಣುವ ಕಣ್ಣು ಅದು. ಅದನ್ನು ನಾನು ಸತಿ ಎಂದೇ ಕರೆಯುತ್ತೇನೆ.

ಈಗ ಸತಿ ಎಂದರೆ ಕಂಪನಿಗಳಲ್ಲೂ ತರಬೇತಿ ಕೊಡುತ್ತಾರೆ. ಕೆಲಸ ಚುರುಕಾಗುತ್ತದಂತೆ! ಆಗಲಿ ಬಿಡಿ. ಕಿಸೆಗಳ್ಳನಿಗೂ ಏಕಾಗ್ರತೆ ಇರುತ್ತದೆ. ಮಿಥ್ಯಾ ಸತಿ ಎಂಬ ಮಾತು ಸುತ್ತಗಳಲ್ಲೇ ಇದೆ.

ನಮ್ಮ ಅಧ್ಯಯನ ಬಳಗದಲ್ಲಿ ಟೇಲರಿಂಗ್ ಮಾಡುವ ಒಬ್ಬ ಸೋದರಿ ಒಮ್ಮೆ ಕೇಳಿದರು: “ಟೀಚರ್, ಕಣ್ಣ ಮುಚ್ಚಿ ಕೂಡಾಕ ನಮಗ ಎಲ್ಲೈತ್ರೀ ಪುರುಸೊತ್ತು? ಮುಂಜಾನಿಂದ ಸಂಜಿ ತನಕ ಮಷಿನ್ ಮುಂದನಾ ಇರ್ತೀನಿ.” ಸತಿಪಟ್ಠಾನ ಸುತ್ತದಲ್ಲಿ ಅವರಿಗೆ ಉತ್ತರವಿದೆ. ನಡೆಯುವಾಗ, ಕೈ ಮಡಚುವಾಗ, ಕೈ ಚಾಚುವಾಗ, ಚೀವರ ಹೊದೆಯುವಾಗ, ಉಣ್ಣುವಾಗ, ಕೊನೆಗೆ ಮಲಮೂತ್ರ ವಿಸರ್ಜನೆಯಲ್ಲೂ ಅರಿವಿರಬೇಕು ಎನ್ನುತ್ತದೆ ಅದು. ಇದಕ್ಕೆ ಸಂಪಜಞ್ಞ ಎಂದು ಹೆಸರು. ಅಟ್ಠಕಥೆಯವರು ಅದನ್ನು ನಾಲ್ಕಾಗಿ ಬಿಡಿಸುತ್ತಾರೆ. ಮೊದಲನೆಯದು ಸಾತ್ಥಕ: ಇದರಿಂದ ಪ್ರಯೋಜನವಿದೆಯೇ? ಎರಡನೆಯದು ಸಪ್ಪಾಯ: ಇದು ತಕ್ಕದ್ದೇ? ಉಳಿದ ಗೋಚರ ಮತ್ತು ಅಸಮ್ಮೋಹದ ಬಗ್ಗೆ ಇನ್ನೊಂದು ದಿನ ಬರೆಯುತ್ತೇನೆ. ಕೈಕೆಲಸ ಮಾಡುವವರಿಗೆ ಈ ಮೊದಲ ಎರಡೇ ದಿನವಿಡೀ ಸಾಕು.

ಆ ಸೋದರಿಯ ಕತ್ತರಿಯನ್ನೇ ನೋಡಿ. ಬ್ಲೌಸಿಗೆ ಬೆನ್ನ ಹಿಂದೆ ಹುಕ್ ಇಡುವುದು ಫ್ಯಾಷನ್. ತೋಳು ಮೇಲೆತ್ತಲಾಗದ ಮುದುಕಿಗೆ ಅದು ದಿನಾ ಮುಂಜಾನೆಯ ಶಿಕ್ಷೆ. ಅಳತೆ ತೆಗೆದುಕೊಳ್ಳುವಾಗ ಆ ತೋಳು ಎಲ್ಲಿಯವರೆಗೆ ಏಳುತ್ತದೆ ಎಂದು ಗಮನಿಸಿದರೆ ಹುಕ್ ತಾನಾಗಿ ಮುಂದಕ್ಕೆ ಬರುತ್ತದೆ. ಟೇಪು ಹಿಡಿದ ಕೈಯಲ್ಲೇ ಸತಿ ಇದೆ, ಕರುಣೆಯೂ ಇದೆ. ಹಾಗೆಯೇ ನಮ್ಮ ಹೆಣ್ಣುಮಕ್ಕಳ ಯೂನಿಫಾರ್ಮು. ಬಾಬಾಸಾಹೇಬರ ಪುತ್ಥಳಿಯ ಕೋಟಿನ ಕಿಸೆಯಲ್ಲಿ ಪೆನ್ನು ಇರುತ್ತದೆ. ನನ್ನ ಕ್ಲಾಸಿನ ಎಷ್ಟೋ ಹುಡುಗಿಯರ ಚೂಡಿದಾರಿಗೆ ಕಿಸೆಯೇ ಇಲ್ಲ, ಪೆನ್ನು ಕೈಯಲ್ಲೇ ಹಿಡಿದು ಓಡಾಡುತ್ತಾರೆ. ಯಾರೂ ಬೇಕೆಂದು ಮಾಡಿದ್ದಲ್ಲ, ಯಾರೂ ಗಮನಿಸಿಲ್ಲ ಅಷ್ಟೆ. ಈ ಮಾತು ಹೇಳಿದ ಮೇಲೆ ಆ ಸೋದರಿ ತಾವು ಹೊಲಿಯುವ ಪ್ರತಿ ಯೂನಿಫಾರ್ಮಿಗೂ ಒಂದು ಕಿಸೆ ಇಡುತ್ತಿದ್ದಾರೆ. ಅದಕ್ಕೆ ಬೇರೆ ಹಣ ಕೇಳುವುದಿಲ್ಲ.

ಅಡುಗೆ, ಬೋರ್ಡಿನ ಮೇಲಿನ ಅಕ್ಷರ, ಎಲ್ಲದಕ್ಕೂ ಈ ಪ್ರಶ್ನೆ ಕೇಳಬಹುದು. ನನ್ನ ಮಟ್ಟಿಗೆ, ಹಿಂದಿನ ಬೆಂಚಿನ ಹುಡುಗನಿಗೆ ಕಾಣದ ಅಕ್ಷರ ಎಷ್ಟು ದುಂಡಗಿದ್ದರೂ ಚೆಂದವಲ್ಲ.

ಇನ್ನು ನಮ್ಮ ಫ್ಲೆಕ್ಸುಗಳು. ಬುದ್ಧ ಪೂರ್ಣಿಮೆಯ ಫ್ಲೆಕ್ಸಿನಲ್ಲಿ ಶುಭ ಕೋರುವವರ ಮುಖಗಳೇ ತುಂಬಿ, ಭಗವಾನರು ಮೂಲೆಯಲ್ಲಿ ಸಣ್ಣಗೆ ಕೂತಿರುತ್ತಾರೆ. ಮರುದಿನ ಅದು ಚರಂಡಿಯಲ್ಲಿ, ಬಾಬಾಸಾಹೇಬರ ಮುಖವೂ ಅದರ ಜೊತೆಗೇ. ಬಿಡಿಸುವಾಗ ಸಾತ್ಥಕವೇ ಎಂದು ಒಮ್ಮೆ ಕೇಳಿಕೊಂಡಿದ್ದರೆ ಅರ್ಧ ಮುಖಗಳು ತಾವಾಗಿಯೇ ಇಳಿಯುತ್ತಿದ್ದವು. (ಯಾರೂ ಬೇಸರ ಮಾಡಿಕೊಳ್ಳಬೇಡಿ.)

ಈ ಸಲ ನಮ್ಮ ಬಳಗದ ಬ್ಯಾನರನ್ನು ಬಟ್ಟೆಯ ಮೇಲೆ ನಾವೇ ಬರೆಯೋಣ. ಹಳೆಯ ಬಿಳಿ ಧೋತರ, ಬಿಳಿ ಸೀರೆಯ ತುಂಡುಗಳಿದ್ದರೆ ತೊಳೆದು ತನ್ನಿ, ಗದ್ದೆಯ ಮಡಿಗಳ ಹಾಗೆ ಕೂಡಿಸಿ ಹೊಲಿಯೋಣ. ನೀಲಿ ಬಣ್ಣ ನನ್ನ ಬಳಿ ಇದೆ, ಕುಂಚ ಎರಡು ಮೂರು ಬೇಕು. ಭಾನುವಾರ ವಂದನೆ ಮುಗಿದ ಮೇಲೆ ವಿಹಾರದ ಅಂಗಳದಲ್ಲಿ ಕೂಡೋಣ, ಮಕ್ಕಳನ್ನೂ ಕರೆತನ್ನಿ.

ಜೈ ಭೀಮ್. ನಮೋ ಬುದ್ಧಾಯ.